ಬಂಡೆ ಬುಡದ ಊರುಗಳು

ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಂದು ಮೂರು ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮಗೆಲ್ಲ ರೂಢಿ. ಹೇಳಿದ ಹಾಗೆಯೇ ನೋಡಿ ಮುಗಿಸುವುದೂ ಈಗ ರೂಢಿಯಾಗಿಬಿಟ್ಟಿದೆ. ನಸುಕಿನಲ್ಲಿ ಹುಬ್ಬಳ್ಳಿ ಬಿಟ್ಟ ಗಾಡಿ ಬಿಸಿಲೇರುವ ಹೊತ್ತಿಗೆ ಬಾದಾಮಿಯ ಮೆಟ್ಟಿಲ ಬುಡದಲ್ಲಿ ನಿಲ್ಲುತ್ತದೆ. ಮಧ್ಯಾಹ್ನ ಪಟ್ಟದಕಲ್ಲು, ಹೊತ್ತು ಇಳಿಯುವಾಗ ಐಹೊಳೆ, ಕತ್ತಲಾಗುವುದರೊಳಗೆ ಕೂಡಲಸಂಗಮದಲ್ಲಿ ಕೈಮುಗಿದು ವಾಪಸು. ಹೀಗೆ ಓಡಿ ಹೋದವರ ಮೊಬೈಲಿನ ತುಂಬ ಕಂಬಗಳ ಚಿತ್ರಗಳಿರುತ್ತವೆ. ಯಾವ ಕಂಬ ಯಾವ ಊರಿನದೆಂದು ಕೇಳಿದರೆ ಗಂಡನೊಂದು ಹೇಳುತ್ತಾನೆ, ಹೆಂಡತಿಯೊಂದು ಹೇಳುತ್ತಾಳೆ. ನನಗೆ ಇದು ನಿಜವಾಗಿ ಸಂಕಟದ ವಿಷಯ. ಇಷ್ಟು ದೂರ ಬಂದು, ಇಷ್ಟು ಖರ್ಚು ಮಾಡಿ, ಊರೊಂದರ ರುಚಿಯೇ ನಾಲಗೆಗೆ ಹತ್ತದೆ ಹೋಗುವುದೆಂದರೆ ಅದು ಬಂದವರಿಗೂ ನಷ್ಟ, ಊರಿಗೂ ನಷ್ಟ.

ನಮ್ಮದು ಶಿರೂರು, ಬಾಗಲಕೋಟೆಯ ಮಗ್ಗುಲಿಗೆ. ಇಲ್ಲಿಂದ ದಕ್ಷಿಣಕ್ಕೆ ಹೊರಳಿದರೆ ಗುಳೇದಗುಡ್ಡ, ಅದರಾಚೆ ಬಾದಾಮಿಯ ಗುಡ್ಡಸಾಲು. ಮೂಡಣಕ್ಕೆ ಹೋದರೆ ಕಮತಗಿ, ಅಮೀನಗಡ, ಹುನಗುಂದ, ಇಳಕಲ್ಲು. ಜಾತ್ರೆಗೋ ಮದುವೆಗೋ ಬೆಂಗಳೂರು, ಪುಣೆಗಳಿಂದ ಬಂದ ನೆಂಟರು ಉಂಡು ಅಡಿಕೆ ಹಾಕಿಕೊಂಡ ಮೇಲೆ ಕೇಳುವ ಪ್ರಶ್ನೆ ಒಂದೇ: “ಚಿಗವ್ವಾ, ಎರಡು ದಿನ ಸೂಟಿ ಐತಿ, ಯಾವ್ಯಾವ ಊರು ನೋಡೂಣ ಹೇಳು.” ನಾನು ಹೇಳುವ ಪಟ್ಟಿ ಅವರಿಗೆ ಸಣ್ಣದೆನಿಸುತ್ತದೆ. “ಇಷ್ಟ ಏನು?” ಅನ್ನುತ್ತಾರೆ. ಇಷ್ಟೇ ಸಾಕು ಎಂದು ನಾನು ಪಟ್ಟು ಹಿಡಿಯುತ್ತೇನೆ.

ಈ ವಿಷಯದಲ್ಲಿ ಇಟಲಿಗೆ ಹೋಗುವ ಜನ ನಮಗಿಂತ ಜಾಣರು. ರೋಮ್, ವೆನಿಸ್ ಮುಗಿದ ಮೇಲೆ ಅವರು ತೋಸ್ಕಾನಾ, ಉಂಬ್ರಿಯಾ ಸೀಮೆಯ ಗುಡ್ಡದ ಮೇಲಿನ ಸಣ್ಣ ಊರುಗಳಲ್ಲಿ ಒಂದೋ ಎರಡೋ ಆರಿಸಿಕೊಂಡು ಅಲ್ಲೇ ಮಲಗಿ ಅಲ್ಲೇ ಏಳುತ್ತಾರೆ. ಅಂಥ ಊರು ಅಲ್ಲಿ ನೂರಾರು, ಆದ್ದರಿಂದ ಆರಿಸುವುದೇ ಒಂದು ವಿದ್ಯೆ. ಸಾನ್ ಜಿಮಿನ್ಯಾನೊ ಎಂಬಲ್ಲಿ ಹಿಂದಿನ ಸಾಹುಕಾರರು ಒಬ್ಬರಿಗಿಂತ ಒಬ್ಬರು ಎತ್ತರವಾಗಿ ಕಟ್ಟಿಸಿದ ಕಲ್ಲಿನ ಗೋಪುರಗಳಲ್ಲಿ 14 ಇನ್ನೂ ನಿಂತಿವೆ. ಹಗಲು ಹೋದರೆ ಬಸ್ಸುಗಳ ಜಾತ್ರೆ. ಸಂಜೆ ಬಸ್ಸು ಇಳಿದು ಹೋದ ಮೇಲೆ ಊರು ತನ್ನ ಜನಕ್ಕೆ ಮರಳುತ್ತದೆ. ಅದಕ್ಕೇ ತಿಳಿದವರು ಅಲ್ಲಿ ರಾತ್ರಿ ಉಳಿಯಿರಿ ಅನ್ನುತ್ತಾರೆ. ಒರ್ವಿಯೆಟೊ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಮೆತ್ತನೆ ಬಂಡೆಯ ಮೇಲೆ ಕುಳಿತ ಊರು, ಆ ಬಂಡೆಯನ್ನೇ ಕೊರೆದು ಕೆಳಗೆ ನೆಲಮಾಳಿಗೆ, ಬಾವಿ ಮಾಡಿಕೊಂಡಿದೆ. ವೊಲ್ಟೆರಾದಲ್ಲಿ ಬಿಳಿಯ ಅಲಬಾಸ್ಟರ್ ಕಲ್ಲನ್ನು ಕಡೆದು ಬಟ್ಟಲು, ದೀಪ, ಮೂರ್ತಿ ಮಾಡುವ ಕಸಬು ಎತ್ರುಸ್ಕನ್ನರ ಕಾಲದಿಂದಲೂ ಬಂದದ್ದು, ಓಣಿಯಲ್ಲಿ ಈಗಲೂ ಕಲ್ಲಿನ ಪುಡಿ ಮೈಗೆ ಬಳಿದುಕೊಂಡ ಕಸಬುದಾರರು ಕಾಣುತ್ತಾರಂತೆ. ನಮ್ಮ ಬಳಗದ ಹುಡುಗಿಯೊಬ್ಬಳು ಅಲ್ಲಿಂದ ಬಂದು ಇದನ್ನೆಲ್ಲ ಕಣ್ಣರಳಿಸಿ ಹೇಳುವಾಗ ನನ್ನ ಮನಸ್ಸು ಗುಳೇದಗುಡ್ಡದ ಓಣಿಯಲ್ಲಿತ್ತು. ಅವಳಿಗೆ ಗುಳೇದಗುಡ್ಡ ಹತ್ತು ಹದಿನೈದು ಮೈಲಿಯ ಊರು. ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ.

ನಾನು ಊರು ಆರಿಸುವಾಗ ಮೊದಲು ನೋಡುವುದು ಬಂಡೆ ಮತ್ತು ನೀರು ಎಲ್ಲಿ ಕೂಡುತ್ತವೆ ಎಂಬುದನ್ನು. ನಮ್ಮ ಸೀಮೆಯಲ್ಲಿ ಮಳೆ ಕಡಿಮೆ, ಬಿಸಿಲು ಬಹಳ. ಬಂಡೆಯ ಸಂದಿಯಲ್ಲಿ ನೀರು ನಿಂತಲ್ಲೇ ಊರು, ದೇವರು, ರಾಜಧಾನಿ ಎಲ್ಲ ಹುಟ್ಟಿದ್ದು. ಆಮೇಲೆ ನೋಡುವುದು ಊರಿನ ಕೈಯನ್ನು. ಹಳೆಯ ಕಲ್ಲು ಎಷ್ಟೇ ಚಂದವಿರಲಿ, ಅದರ ಪಕ್ಕದ ಮನೆಯಲ್ಲಿ ಇವತ್ತು ಏನಾದರೂ ತಯಾರಾಗುತ್ತಿರಬೇಕು. ಇವೆರಡೂ ಇದ್ದ ಊರಿನಲ್ಲಿ ಕಾಲಿಗೆ ಸಿಗುವಷ್ಟು ಓಣಿಯೂ ಇದ್ದರೆ ಬೇರೇನೂ ಬೇಡ. ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋದವು. ಅದರ ಬದಲಿಗೆ ಕಟ್ಟಿದ ನವನಗರದ ಅಗಲ ರಸ್ತೆಗಳಲ್ಲಿ ಬಾಳುವೆ ಮಾಡುವ ನಮ್ಮ ಕಡೆಯವರಿಗೆ, ಎರಡು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುವ ಓಣಿಯ ಬೆಲೆ ಚೆನ್ನಾಗಿ ಗೊತ್ತು.

ಹಾಗೆ ನೋಡಿದರೆ ಮೊದಲ ಹೆಸರು ಬಾದಾಮಿಯದೇ. ಎಲ್ಲರೂ ಹೋಗುತ್ತಾರೆಂಬ ಕಾರಣಕ್ಕೆ ಅದನ್ನು ಬಿಡುವುದು ಹುಡುಗಾಟಿಕೆ. ಎರಡು ಕೆಂಪು ಗುಡ್ಡ, ನಡುವೆ ಅಗಸ್ತ್ಯತೀರ್ಥದ ಕೆರೆ, ಕೆರೆಯ ಪಡುವಣ ಬದಿಗೆ ಊರು. ಚಾಲುಕ್ಯರ ಒಂದನೆಯ ಪುಲಕೇಶಿ ಈ ಗುಡ್ಡಕ್ಕೆ ಕೋಟೆ ಕಟ್ಟಿಸಿದ್ದನ್ನು ಬಂಡೆಯ ಮೇಲೆಯೇ ಬರೆಸಿದ್ದಾನೆ. ಶಕ 465, ಎಂದರೆ ಕ್ರಿ.ಶ. 543. ಮರಳುಗಲ್ಲಿನ ಈ ಬಂಡೆ ರೊಟ್ಟಿ ಅಡಕಿ ಇಟ್ಟಂತೆ ಪದರ ಪದರವಾಗಿದೆ. ಕಲ್ಲುಕುಟಿಗರಿಗೆ ಅದು ವರವಾಯಿತು: ಪದರ ಹಿಡಿದು ಒಡೆದರೆ ಹಾಸುಗಲ್ಲು ಸಿಗುತ್ತದೆ, ಉಳಿಗೆ ಮೆತ್ತಗೆ ಒಲಿಯುತ್ತದೆ, ಆದರೂ ಸಾವಿರದ ನಾನೂರು ವರ್ಷ ಮಳೆಗಾಳಿಗೆ ಮೈಯೊಡ್ಡಿ ನಿಲ್ಲುತ್ತದೆ.

ಗುಹೆಗಳನ್ನು ಎಣಿಸಿ ಮುಗಿಸಬೇಡಿ. ಮೊದಲನೆಯದರ ಹೊರಗೆ ಹದಿನೆಂಟು ಕೈಗಳ ನಟರಾಜನನ್ನು ಕಂಡು, ಎರಡನೆಯದರಲ್ಲಿ ತ್ರಿವಿಕ್ರಮನಿಗೆ ತಲೆಬಾಗಿ, ಮೂರನೆಯದರಲ್ಲಿ ಕುಳಿತುಬಿಡಿ. ಮಂಗಳೇಶ ಇದನ್ನು ಮಾಡಿಸಿದ್ದು 578ರಲ್ಲಿ. ಆಗ ಅವನ ಅಣ್ಣ ಕೀರ್ತಿವರ್ಮ ರಾಜ್ಯವಾಳುತ್ತಿದ್ದ. ತಮ್ಮನ ಹೆಸರಿನ ಜೊತೆಗೆ ಅಣ್ಣನ ಆಳ್ವಿಕೆಯ 12ನೆಯ ವರ್ಷವೆಂದೂ ಶಾಸನದಲ್ಲಿದೆ. ಜಗಲಿಯ ತುದಿಯಲ್ಲಿ ವಿಷ್ಣು ಶೇಷನ ಸುರುಳಿಯ ಮೇಲೆ ಕುಳಿತಿದ್ದಾನೆ. ನಾವು ಶೇಷನ ಮೇಲೆ ಮಲಗಿದ ವಿಷ್ಣುವನ್ನು ನೋಡಿ ಬೆಳೆದವರು. ಇಲ್ಲಿ ಅವನು ಎಚ್ಚರವಾಗಿ, ಒಂದು ಮೊಣಕಾಲು ಎತ್ತಿ, ಒಡ್ಡೋಲಗಕ್ಕೆ ಕುಳಿತ ಅರಸನಂತಿದ್ದಾನೆ. ಅವನನ್ನು ನೋಡಿದ ಮೇಲೆ ತಲೆಯೆತ್ತಿ ಕಂಬದ ಮೇಲ್ತುದಿಯ ಚಾಚುಗಲ್ಲುಗಳನ್ನು ನೋಡಬೇಕು. ಗಿಡದ ಕೆಳಗೆ ನಿಂತ ಗಂಡಹೆಂಡಿರು, ಒಬ್ಬರ ಮೇಲೊಬ್ಬರು ಒರಗಿದವರು, ಆಸರೆಗೆ ಕೈ ಹಿಡಿದವರು. ಬಹಳ ಜನ ಇವರನ್ನು ನೋಡುವುದೇ ಇಲ್ಲ, ಏಕೆಂದರೆ ಕುತ್ತಿಗೆ ನೋಯುತ್ತದೆ. ನೆಲದ ಮೇಲೆ ಅಂಗಾತ ಮಲಗಿ ನೋಡಿದರೆ ತಪ್ಪೇನಿಲ್ಲ. ಚಾವಣಿಯ ಅಂಚಿನಲ್ಲಿ ಹಳೆಯ ವರ್ಣಚಿತ್ರದ ಚೂರುಗಳೂ ಉಳಿದಿವೆ. ಬಣ್ಣ ಮಾಸಿದ್ದರೂ ಮುಖಗಳ ಬಾಗು ಇನ್ನೂ ತಿಳಿಯುತ್ತದೆ.

ಮಧ್ಯಾಹ್ನದ ಹೊತ್ತು ಬಾದಾಮಿಯಲ್ಲಿ ಕಲ್ಲು ಕಾದು ಕೆಂಡವಾಗಿರುತ್ತದೆ, ಆಗ ಮಲಗುವುದೇ ಲೇಸು. ಹೊತ್ತು ಇಳಿಯುತ್ತಲೇ ಕೆರೆಯ ದಂಡೆ ಹಿಡಿದು ಭೂತನಾಥನ ಗುಡಿಗೆ ನಡೆಯಿರಿ. ಗುಡಿಯ ಮಂಟಪ ಕೆರೆಗೆ ಚಾಚಿಕೊಂಡಿದೆ, ಮುಖ ಪಡುವಣಕ್ಕೆ. ಇಳಿಬಿಸಿಲು ನೀರಿನ ಮೇಲೆ ಹಾದು ಬಂದು ಕಂಬಗಳಿಗೆ ಬಡಿಯುವಾಗ ಕಲ್ಲು ಅರಿಸಿನ, ಕೇಸರಿ, ಆಮೇಲೆ ಕುಂಕುಮ. ಎದುರು ದಂಡೆಯ ಪಾವಟಿಗೆಗಳ ಮೇಲೆ ಬಟ್ಟೆ ಒಗೆಯುವ ಸಪ್ಪಳ ಗುಡ್ಡಕ್ಕೆ ಬಡಿದು ಎರಡೆರಡು ಸಲ ಕೇಳುತ್ತದೆ. ಶ್ರಾವಣದಲ್ಲಿ ಮಳೆ ಹಿಡಿದರೆ ಬಡಗಣ ಗುಡ್ಡದಿಂದ ಅಕ್ಕ-ತಂಗಿ ಎಂಬ ಜೋಡಿ ಧಾರೆಗಳು ಧುಮುಕುತ್ತವೆ. ಮಳೆ ನಿಂತ ಮೇಲೆ ಬಹಳ ಹೊತ್ತು ಇರುವುದಿಲ್ಲ, ಅದೃಷ್ಟವಿದ್ದವರಿಗೆ ದರ್ಶನ.

ಬಡಗಣ ಕೋಟೆಯನ್ನು ಬೆಳಗಿನ ಹೊತ್ತೇ ಹತ್ತಬೇಕು. ವಸ್ತುಸಂಗ್ರಹಾಲಯದ ಬದಿಯಿಂದ ಹೊರಟ ದಾರಿ ಬಂಡೆಯ ಸೀಳಿನೊಳಗೆ ನುಗ್ಗುತ್ತದೆ. ಎರಡೂ ಕಡೆ ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ ಕಲ್ಲಿನ ಗೋಡೆ, ಮೇಲೆ ಗೆರೆಯಷ್ಟು ಆಕಾಶ, ಒಳಗೆ ವೈಶಾಖದಲ್ಲೂ ತಂಪು. ಹತ್ತಿ ಹೊರಬಿದ್ದರೆ ಶಿವಾಲಯಗಳು, ಕಣಜಗಳು, ಕೆಳಗೆ ಕೆರೆ ಮತ್ತು ಊರಿನ ಮಾಳಿಗೆಗಳು. 642ರಲ್ಲಿ ಪಲ್ಲವ ನರಸಿಂಹವರ್ಮ ಈ ಊರನ್ನು ಗೆದ್ದು ಇಲ್ಲಿನ ಬಂಡೆಯ ಮೇಲೆ ತನ್ನ ಹೆಸರು ಬರೆಸಿದ. ಗೆದ್ದವನ ಬರಹವೂ ಇಲ್ಲೇ ಇದೆ, ಸೋತವರ ಗುಡಿಗಳೂ ಇಲ್ಲೇ ಇವೆ. ಕೆಳಗಿಳಿದು ತಟ್ಟುಕೋಟೆಯ ಕಡೆಗೆ ಹೋದರೆ ಕಪ್ಪೆ ಅರಭಟ್ಟನ ಶಾಸನ. ಗರತಿಯರು ಬೀಸುವಾಗ ಹಾಡಿದ ತ್ರಿಪದಿಯ ರೂಪ ನಮಗೆ ಸಿಕ್ಕಿರುವ ಅತಿ ಹಳೆಯ ಜಾಗ ಆ ಬಂಡೆ. ನಮ್ಮವ್ವ ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ್ದೂ ಅದೇ ಮೂರು ಸಾಲಿನ ಅಳತೆಯಲ್ಲಿ. ಅದಕ್ಕೇ ಆ ಕಲ್ಲಿನ ಮುಂದೆ ನಿಂತರೆ ನನಗೆ ಗುಡಿಯ ಮುಂದೆ ನಿಂತಷ್ಟೇ ಭಕ್ತಿ ಬರುತ್ತದೆ.

ಬಾದಾಮಿಯಿಂದ ಗುಡ್ಡ ದಾಟಿ ಹಳೆಯ ಕಾಲುದಾರಿಯಲ್ಲಿ ಮಹಾಕೂಟಕ್ಕೆ ನಡೆಯುವ ಶಕ್ತಿ ಇದ್ದವರು ನಡೆದೇ ಹೋಗಲಿ. ಆ ದಾರಿಯ ಕೊನೆಗೆ ಹಳೆಯ ಬಾಗಿಲೊಂದಿದೆ, ಎರಡು ಬದಿಗೆ ಎಲುಬು ಎದ್ದುಕಾಣುವ ಎರಡು ಆಕೃತಿಗಳು. ಅವನ್ನು ದಾಟಿ ಒಳಗೆ ಬಂದರೆ ಹಸಿರು, ನೀರು, ದೊಡ್ಡ ಗಿಡಗಳ ನೆರಳು. ಬುಗ್ಗೆಯ ನೀರು ತುಂಬಿದ ಪುಷ್ಕರಿಣಿಯ ನಡುವೆ ಸಣ್ಣ ಮಂಟಪ, ಅದರೊಳಗೆ ಮುಖಲಿಂಗ. ಈಜು ಬಂದವರಿಗೆ ಮಾತ್ರ ಹತ್ತಿರದ ದರ್ಶನ. ಉಳಿದವರು ಪಾವಟಿಗೆಯ ಮೇಲೆ ಕಾಲು ಇಳಿಬಿಟ್ಟು ಕೂರಬಹುದು. ತಲೆಯೆತ್ತಿ ನೋಡಿದರೆ ಒಂದೇ ಅಂಗಳದಲ್ಲಿ ಉತ್ತರದ ರೇಖಾಶಿಖರವೂ ದಕ್ಷಿಣದ ಮೆಟ್ಟಿಲು ಮೆಟ್ಟಿಲಾದ ಶಿಖರವೂ ಅಕ್ಕಪಕ್ಕ ನಿಂತಿವೆ. ಪಟ್ಟದಕಲ್ಲಿನಲ್ಲಿ ದೊಡ್ಡದಾಗಿ ಕಾಣುವುದು ಇಲ್ಲಿ ಕೈಗೆ ಎಟಕುವಷ್ಟು ಸಣ್ಣದಾಗಿ ಮೊದಲೇ ಕಾಣಸಿಗುತ್ತದೆ. ಮಂಗಳೇಶನ ಕಾಲದ ಶಾಸನ ಹೊತ್ತ ಕಂಬವೊಂದು ಇಲ್ಲಿತ್ತು. ಒಂದನೆಯ ಪುಲಕೇಶಿಯ ರಾಣಿ ದುರ್ಲಭದೇವಿ ಇಲ್ಲಿನ ದೇವರಿಗೆ ಹತ್ತು ಊರು ಬಿಟ್ಟ ಸಂಗತಿ ಅದರಲ್ಲಿದೆ. ಕಂಬ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ.

ಬಾದಾಮಿಯ ಹತ್ತಿರದ ಬನಶಂಕರಿಗೆ ಹೋಗುವುದಾದರೆ ಪುಷ್ಯ ಹುಣ್ಣಿಮೆಯ ಜಾತ್ರೆಗೆ ಹೋಗಿ: ನಾಟಕ ಕಂಪನಿಗಳ ಟೆಂಟು, ಕೆತ್ತನೆಯ ಬಾಗಿಲು ಚೌಕಟ್ಟಿನ ಸಾಲು, ದನದ ಸಂತೆ. ಉಳಿದ ದಿನಗಳಲ್ಲಿ ಹೊಂಡದ ದಂಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪು ಖಾರ, ಗಡಿಗೆ ಮೊಸರು ತಿಂದು ಬಂದರೆ ಸಾಕು. ಯಾವ ಹೋಟೆಲಿನಲ್ಲೂ ಆ ಮೊಸರಿಲ್ಲ.

ಈಗ ನಾನು ಪಟ್ಟು ಹಿಡಿದು ಹೇಳುವ ಊರಿಗೆ ಬರುತ್ತೇನೆ. ಗುಳೇದಗುಡ್ಡವನ್ನು ಯಾವ ಪ್ರವಾಸದ ಗಾಡಿಯೂ ನಿಲ್ಲಿಸಿ ತೋರಿಸುವುದಿಲ್ಲ. ಗುಡ್ಡಗಳ ಮಡಿಲಲ್ಲಿ ಕುಳಿತ ಊರು. ಮೇಲೆ ಹಳೆಯ ಕೋಟೆ, ಕೆಳಗೆ ಒತ್ತೊತ್ತಾಗಿ ಮಣ್ಣುಕಲ್ಲಿನ ಮನೆಗಳು, ನಡುವೆ ಓಣಿಗಳು ಒಂದರೊಳಗೊಂದು ಹೊಕ್ಕು ಹೊರಬರುತ್ತವೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಪೇಟೆ ದಾಟಿ ನಾಲ್ಕು ಹೆಜ್ಜೆ ಒಳಗೆ ಹೋದರೆ ಮಗ್ಗದ ಸಪ್ಪಳ ಶುರುವಾಗುತ್ತದೆ. ಮೊದಲು ಒಂದು ಮನೆಯಿಂದ, ಆಮೇಲೆ ಎದುರು ಮನೆಯಿಂದ. ಹಿಂದಿನಷ್ಟು ಈಗಿಲ್ಲ. ಎಷ್ಟೋ ಕೈಮಗ್ಗ ಬಿಚ್ಚಿ ಅಟ್ಟಕ್ಕೆ ಹೋದವು, ಎಷ್ಟೋ ಮನೆಯ ಮಕ್ಕಳು ದುಡಿಮೆ ಹುಡುಕಿಕೊಂಡು ಊರು ಬಿಟ್ಟರು. ಉಳಿದ ಮಗ್ಗಗಳ ಸಪ್ಪಳ ಅದಕ್ಕೇ ಬೆಲೆಯುಳ್ಳದ್ದು.

ಇಲ್ಲಿ ತಯಾರಾಗುವುದು ಖಣ. ರೇಷ್ಮೆಯ ಹಾಸು, ಹತ್ತಿಯ ಹೊಕ್ಕು, ಮೈಯ ಬಣ್ಣ ಒಂದು, ಅಂಚಿನ ಬಣ್ಣ ಇನ್ನೊಂದು; ಮೈತುಂಬ ಬಟಾಣಿ ಕಾಳಿನಷ್ಟು ಸಣ್ಣ ಚಿತ್ತಾರ. ಆ ಚಿತ್ತಾರಗಳಿಗೆ ತೇರು, ಸೂರ್ಯನಾರಾಯಣ, ಆನೆಹೆಜ್ಜೆ ಎಂದು ನೇಕಾರರ ಮನೆಯಲ್ಲಿ ಹೆಸರುಗಳಿವೆ. ಖಣವನ್ನು ಬಿಡಿಸಿ ಬೆಳಕಿಗೆ ಹಿಡಿದು ಸ್ವಲ್ಪ ಓರೆ ಮಾಡಬೇಕು: ನೇರ ನೋಡಿದಾಗ ಹಸಿರು ಕಂಡದ್ದು ಓರೆಗೆ ಕೆಂಪಾಗುತ್ತದೆ. ಹಾಸಿಗೊಂದು ಹೊಕ್ಕಿಗೊಂದು ಬಣ್ಣ ಕೊಟ್ಟದ್ದರ ಫಲ ಅದು. ಅಂಗಡಿಯಲ್ಲಿ ಇದನ್ನು ಮೂರು ಮೂಲೆಯಾಗಿ ಮಡಚಿ ಪೇರಿಸಿರುತ್ತಾರೆ. ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿ, ಅಡಿಕೆ, ಅರಿಸಿನ ಬೇರು, ಒಣಕೊಬ್ಬರಿಯ ಮೇಲೆ ಆ ಮೂರು ಮೂಲೆಯ ಖಣ ಬೀಳಲೇಬೇಕು. ಕುಪ್ಪಸ ಹೊಲಿಯುವಾಗ ಅಂಚು ಸರಿಯಾಗಿ ತೋಳಿನ ತುದಿಗೆ ಬರುವಂತೆ ಕತ್ತರಿಸುವುದು ನಮ್ಮ ಕಡೆಯ ಸಿಂಪಿಗರ ಜಾಣತನ.

ಒಂದು ಮನೆಯಲ್ಲಿ ಪಡಸಾಲೆಯ ನೆಲದಲ್ಲೇ ಕುಣಿ ತೋಡಿ ಮಗ್ಗ ಹೂಡಿದ್ದರು. ನೇಕಾರ ಕುಣಿಯಲ್ಲಿ ಕಾಲಿಟ್ಟು ಕುಳಿತಿದ್ದ, ಬಾಗಿಲ ಬೆಳಕಿನಲ್ಲಿ ಅವನ ತಾಯಿ ರಾಟಿ ತಿರುವಿ ಕಂಡಿಕೆ ಸುತ್ತುತ್ತಿದ್ದಳು. “ಬರ್ರಿ ಅಕ್ಕಾರ, ಕುಂದರ್ರಿ, ಚಾ ಮಾಡತೀವಿ,” ಅಂದಳು. ಕೊಳ್ಳುತ್ತೀರೋ ಇಲ್ಲವೋ ಎಂಬ ಪ್ರಶ್ನೆಯೇ ಬರಲಿಲ್ಲ. ನಾನು ಲಾಳಿ ಓಡುವುದನ್ನು ನೋಡುತ್ತಾ ಕುಳಿತೆ. ಲಾಳಿ ಈ ಕಡೆಯಿಂದ ಆ ಕಡೆಗೆ ಹಾಯುವುದು ಕಣ್ಣಿಗೆ ಸಿಗುವುದಿಲ್ಲ. ಕಾಣುವುದು ಹಣಿಗೆ ಬಡಿದ ಮೇಲೆ ಬಟ್ಟೆ ಕೂದಲೆಳೆಯಷ್ಟು ಮುಂದೆ ಬಂದದ್ದು ಮಾತ್ರ. ಒಂದು ಎಳೆ ಹರಿಯಿತು. ಅವನು ಮಗ್ಗ ನಿಲ್ಲಿಸಿ, ಆ ನೂರಾರು ಎಳೆಗಳ ನಡುವೆ ಹರಿದದ್ದನ್ನು ಬೆರಳಿನ ತುದಿಯಿಂದಲೇ ಹುಡುಕಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಕೂಡಿಸಿ, ಮತ್ತೆ ಕಾಲು ಒತ್ತಿದ. ಕಣ್ಣು ಆ ಎಳೆಯ ಮೇಲೆ ಇರಲೇ ಇಲ್ಲ, ನಮ್ಮ ಜೊತೆ ಮಾತಾಡುತ್ತಲೇ ಇದ್ದ. ಮೂರನೆಯ ಗುಹೆಯ ಚಾಚುಗಲ್ಲನ್ನು ಕಡೆದವನ ಕೈಯೂ ಹೀಗೆಯೇ ಇದ್ದಿರಬೇಕು. ಬಾದಾಮಿಯಲ್ಲಿ ಕಲ್ಲನ್ನು ನೋಡಿದವರು ಗುಳೇದಗುಡ್ಡದಲ್ಲಿ ಕೈಯನ್ನು ನೋಡಲಿ ಎಂದು ನಾನು ಹೇಳುವುದು ಇದಕ್ಕೇ.

ಪಟ್ಟದಕಲ್ಲು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1987ರಲ್ಲಿ. ಅದನ್ನು ನಾನು ಊರೆಂದು ಆರಿಸುವುದಿಲ್ಲ, ಗುಡಿಯೆಂದು ಆರಿಸುತ್ತೇನೆ. ಬೇಲಿಯೊಳಗೆ ಗುಡಿಗಳ ಸಾಲು, ಬೇಲಿಯಾಚೆ ಬದುಕು. ನಡುವೆ ಹೋಗಿಬರುವ ದಾರಿ ಕಡಿಮೆಯಾಗಿದೆ. ಆದ್ದರಿಂದ ಅಲ್ಲಿ ವಿರೂಪಾಕ್ಷನೊಬ್ಬನನ್ನೇ ನೋಡಿ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಕಟ್ಟಿದ ಸೂತ್ರಧಾರಿ ಗುಂಡನ ಹೆಸರು ಬಾಗಿಲ ಶಾಸನದಲ್ಲಿ ಕನ್ನಡದಲ್ಲಿದೆ. ನರಸಿಂಹವರ್ಮ ಬಾದಾಮಿಗೆ ಬಂದು ಹೋದ ನೂರು ವರ್ಷದ ನಂತರದ ಮಾತು ಇದು. ಕಂಚಿಯನ್ನು ಗೆದ್ದ ವಿಕ್ರಮಾದಿತ್ಯ ಅಲ್ಲಿನ ಕೈಲಾಸನಾಥನ ಗುಡಿಯ ಸಂಪತ್ತನ್ನು ಮುಟ್ಟದೆ ದೇವರಿಗೇ ಮರಳಿಸಿದ, ಹಾಗೆಂದು ಅಲ್ಲಿಯೇ ಕನ್ನಡದಲ್ಲಿ ಬರೆಸಿದ. ಸೇಡಿನ ಬದಲು ಅಲ್ಲಿನ ಕಟ್ಟಡದ ಚೆಲುವನ್ನು ಕಣ್ಣಲ್ಲಿ ತುಂಬಿಕೊಂಡು ಬಂದವರು ಮಲಪ್ರಭೆಯ ದಂಡೆಯ ಮೇಲೆ ಇದನ್ನು ಕಟ್ಟಿದರು. ಒಳಗೆ ಜಾಲಂಧ್ರಗಳಿಂದ ಬೆಳಕು ತುಸು ತುಸುವೇ ಬೀಳುತ್ತದೆ. ಕಂಬಗಳ ಮೇಲಿನ ರಾಮಾಯಣ, ಭಾರತದ ಕಥೆಗಳು ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆಯೇ ಒಂದೊಂದಾಗಿ ಹೊರಬರುತ್ತವೆ. ಪೂಜೆ ಇನ್ನೂ ನಡೆಯುವ ಗುಡಿ, ಆದ್ದರಿಂದ ಎಣ್ಣೆಯ, ಊದಿನಕಡ್ಡಿಯ ವಾಸನೆಯೂ ಇದೆ.

ಐಹೊಳೆಯ ಮಾತೇ ಬೇರೆ. ಅಲ್ಲಿ ಗುಡಿ ಎಲ್ಲಿ ಮುಗಿಯಿತು, ಮನೆ ಎಲ್ಲಿ ಶುರುವಾಯಿತು ಎಂದು ಹೇಳಲು ಬರುವುದಿಲ್ಲ. ಹಿಂದೆ ಜನ ಗುಡಿಗಳಲ್ಲೇ ಬಾಳುವೆ ಮಾಡಿದ್ದರು. ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಅದರಲ್ಲಿ ಇದ್ದವನೊಬ್ಬನಿಂದ. ಆ ಗುಡಿಯ ಮಾಡು ನೋಡಿ: ಇಳಿಜಾರಾಗಿ ಹಾಸಿದ ಕಲ್ಲಿನ ಹಲಗೆಗಳು, ಸಂದು ಮುಚ್ಚಲು ಅವುಗಳ ಮೇಲೆ ಮರದ ತೊಲೆಯ ಹಾಗೆ ಉದ್ದುದ್ದ ಕಲ್ಲಿನ ಪಟ್ಟಿ. ಮರದ ಮನೆ ಕಟ್ಟಿ ಬಲ್ಲ ಬಡಿಗರು ಕಲ್ಲಿಗೆ ಕೈ ಹಚ್ಚಿದಾಗ ಹಳೆಯ ಪಾಠ ಮರೆಯಲಿಲ್ಲ. ಗಜಪೃಷ್ಠದ ದುರ್ಗಗುಡಿಯನ್ನು ಎಲ್ಲರೂ ಹೊರಗಿನಿಂದ ಚಿತ್ರ ತೆಗೆಯುತ್ತಾರೆ. ಅದರ ಸುಖ ಇರುವುದು ಒಳಗಿನ ಪ್ರದಕ್ಷಿಣೆಯ ಪಡಸಾಲೆಯಲ್ಲಿ. ಸುತ್ತುತ್ತಾ ಹೋದಂತೆ ಗೂಡಿನೊಳಗಿಂದ ಒಬ್ಬೊಬ್ಬರಾಗಿ ಎದುರಾಗುತ್ತಾರೆ: ನಂದಿಗೆ ಒರಗಿದ ಶಿವ, ನರಸಿಂಹ, ವರಾಹ, ಮಹಿಷಮರ್ದಿನಿ, ಹರಿಹರ. ಗೋಡೆ ದುಂಡಾಗಿ ತಿರುಗುವುದರಿಂದ ಮುಂದಿನವರು ಯಾರೆಂದು ಮೊದಲೇ ಕಾಣುವುದಿಲ್ಲ.

ರಾವಣಫಡಿಯನ್ನು ಬಿಡಬೇಡಿ. ಹತ್ತು ಕೈಗಳ ಶಿವ ಅಲ್ಲಿ ಸಪ್ತಮಾತೃಕೆಯರ ನಡುವೆ ಕುಣಿಯುತ್ತಾನೆ. ಬಾದಾಮಿಯ ದೇವರು ಮೈಕೈ ತುಂಬಿಕೊಂಡವರು. ಇವರು ತೆಳ್ಳಗೆ, ಎತ್ತರದ ಕಿರೀಟ, ಉಟ್ಟ ಬಟ್ಟೆಯ ನಿರಿಗೆ ಒಂದೊಂದೂ ಗೆರೆ ಕೊರೆದು ತೋರಿಸಿದ್ದು. ಆ ನಿರಿಗೆಗಳನ್ನು ನೋಡಿದಾಗಲೆಲ್ಲ ಈ ಸೀಮೆಗೆ ನೇಯ್ಗೆಯ ಕಣ್ಣು ಬಹಳ ಹಳೆಯದು ಅನಿಸುತ್ತದೆ. ಅಲ್ಲಿಂದ ಮೇಗುತಿಯ ಗುಡ್ಡ ಹತ್ತಿದರೆ ಜೈನ ಬಸದಿ, ಅದರ ಹೊರಗೋಡೆಯಲ್ಲಿ 634ರ ರವಿಕೀರ್ತಿಯ ಶಾಸನ. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿ ಅದರಲ್ಲಿದೆ; ಕಾಳಿದಾಸ, ಭಾರವಿಯರ ಹೆಸರೂ ಇದೆ, ಅದರಿಂದ ಆ ಕವಿಗಳ ಕಾಲ ನಿರ್ಧರಿಸಲು ಪಂಡಿತರಿಗೆ ಆಧಾರ ಸಿಕ್ಕಿತು. ಅದೇ ಗುಡ್ಡದ ಮೇಲೆ ಇತಿಹಾಸಕ್ಕೂ ಹಿಂದಿನವರ ಕಲ್ಲುಗೋರಿಗಳು. ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣ ದೇಶವನ್ನೆಲ್ಲ ಸುತ್ತಿ, ಕಡಲು ದಾಟಿ ವ್ಯಾಪಾರ ಮಾಡಿದ್ದು ಈ ಸಣ್ಣ ಊರಿನ ಹೆಸರು ಹೇಳಿಕೊಂಡೇ. ಗುಡ್ಡದ ಮೇಲಿಂದ ಊರು ನೋಡಿದರೆ ನಂಬಲು ಕಷ್ಟ. ಮಳೆಗಾಲವಾದರೆ ಹತ್ತಿರದ ಸಿದ್ದನಕೊಳ್ಳಕ್ಕೂ ಹೋಗಿ. ನೀರು ಬೀಳುತ್ತಿರುತ್ತದೆ, ದಾಸೋಹದ ಊಟವೂ ಸಿಗುತ್ತದೆ.

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಹುನಗುಂದದ ಎರೆಹೊಲಗಳನ್ನು ದಾಟಿದರೆ ಕಲ್ಲಿನ ಬಣ್ಣ ಬದಲಾಗುತ್ತದೆ. ಮರಳುಗಲ್ಲು ಹಿಂದೆ ಉಳಿದು ಇಳಕಲ್ಲಿನ ಗುಲಾಬಿ ಗ್ರಾನೈಟ್ ಶುರು. ಇದು ಉಳಿಗೆ ಸುಲಭಕ್ಕೆ ಒಗ್ಗುವ ಕಲ್ಲಲ್ಲ, ದೂರ ದೇಶದ ಕಟ್ಟಡಗಳಿಗೂ ಹೋಗುತ್ತದೆ. ಇಳಕಲ್ಲು ಬಂಡೆಯ ಮೇಲಿನ ಊರ ಹಾಗೆ ಕಾಣುವುದಿಲ್ಲ, ಗದ್ದಲದ ಪೇಟೆ. ಆದರೂ ನನ್ನ ಪಟ್ಟಿಯಲ್ಲಿ ಅದು ಇರಲೇಬೇಕು, ಕಾರಣ ಕೊಂಡಿ.

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ, ಅದೇ ಕೊಂಡಿ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗಲು ಸಾಧ್ಯವಾದದ್ದು ಈ ಕೊಂಡಿಯಿಂದ. ಸೀರೆಯನ್ನು ಹಿಂದುಮುಂದು ಮಾಡಿ ನೋಡಿ, ಒಡಲು ಸೆರಗಿಗೆ ದಾಟುವ ಗೆರೆಯ ಮೇಲೆ ಬೆರಳಾಡಿಸಿ. ಸಣ್ಣ ದಿಬ್ಬದಷ್ಟೇ ತಾಕುತ್ತದೆ. ನೇಯುವ ಹೆಣ್ಣುಮಗಳೊಬ್ಬಳು ನನಗೆ ಹೇಳಿದಳು: “ಕೊಂಡಿ ಕೂಡಸುವಾಗ ಮನಸ್ಸು ಎಲ್ಲಿಗೂ ಹೋಗಬಾರದ್ರಿ. ಒಂದು ಎಳಿ ತಪ್ಪಿದರ ಸೆರಗೆಲ್ಲ ತಪ್ಪತೈತಿ.” ಆಮೇಲೆ ಕೆಂಪು ಬಿಳಿಯ ತೋಪತೆನಿ ಸೆರಗು, ಗೋಮಿ, ಪರಾಸ, ಗಾಯತ್ರಿ ಎಂದು ಹೆಸರುಳ್ಳ ದಡಿಗಳು. ಕಪ್ಪು ಚಂದ್ರಕಾಳಿಯ ಮೇಲೆ ಕಸೂತಿ ಬಿದ್ದರೆ ಕಣ್ಣು ಕೀಳಲಾಗದು. ಊರಿನ ಮಠದ ಮಹಾಂತಪ್ಪಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜನರ ಕುಡಿತ, ತಂಬಾಕುಗಳನ್ನೇ ಭಿಕ್ಷೆ ಬೇಡಿದವರು. ಎಷ್ಟೋ ನೇಕಾರರ ಮನೆಗಳು ಅದರಿಂದ ಉಳಿದವೆಂದು ಹಿರಿಯರು ಈಗಲೂ ನೆನೆಯುತ್ತಾರೆ.

ನಮ್ಮ ಶಿರೂರಿನ ಯಾವ ಮದುವೆಯಲ್ಲೂ ನೋಡಿ: ಹಿರಿಯ ಹೆಂಗಸರು ಉಟ್ಟದ್ದು ಇಳಕಲ್ ಸೀರೆ, ತೊಟ್ಟದ್ದು ಗುಳೇದಗುಡ್ಡದ ಖಣದ ಕುಪ್ಪಸ. ಎರಡು ಊರುಗಳ ಕೈಕೆಲಸ ಒಂದೇ ಮೈಮೇಲೆ ಕೂಡಿದಾಗಲೇ ನಮ್ಮ ಕಡೆ ಅಲಂಕಾರ ಪೂರ್ತಿ. ಪ್ರವಾಸವನ್ನೂ ಹಾಗೆಯೇ ಹೊಂದಿಸಿಕೊಳ್ಳಬೇಕೆಂಬುದು ನನ್ನ ಮಾತು: ನೋಡಲು ಬಾದಾಮಿ, ನೇಯ್ಗೆಗೆ ಗುಳೇದಗುಡ್ಡ, ಇಳಕಲ್ಲು. ಎರಡು ರಾತ್ರಿ ಇದ್ದರೆ ಎರಡನ್ನೂ ಬಾದಾಮಿಯಲ್ಲೇ ಕಳೆಯಿರಿ; ಒಂದು ದಿನ ಕೆರೆ, ಗುಹೆ, ಕೋಟೆಗೆ, ಮರುದಿನ ಬೆಳಿಗ್ಗೆ ಮಹಾಕೂಟಕ್ಕೆ, ಮಧ್ಯಾಹ್ನದ ಮೇಲೆ ಗುಳೇದಗುಡ್ಡಕ್ಕೆ. ಪಟ್ಟದಕಲ್ಲು, ಐಹೊಳೆ ಈ ಸಲ ತಪ್ಪಿದರೂ ಚಿಂತೆ ಮಾಡಬೇಡಿ, ಅವುಗಳಿಗಾಗಿ ಇನ್ನೊಮ್ಮೆ ಬನ್ನಿ. ಮೂರನೆಯ ದಿನ ಸಿಕ್ಕರೆ ಐಹೊಳೆಯ ಮೇಲೆ ಹಾಯ್ದು ಇಳಕಲ್ಲಿಗೆ ಹೋಗಿ ಅಲ್ಲೇ ಉಳಿಯಿರಿ. ಶ್ರಾವಣದಿಂದ ಮಾಘದವರೆಗೆ ಯಾವಾಗ ಬಂದರೂ ಸರಿ, ಬೇಸಿಗೆಯಲ್ಲಿ ಮಾತ್ರ ಬೇಡ. ರೈಲು ಬಾದಾಮಿಗೆ ಬರುತ್ತದೆ, ಊರೂರಿಗೆ ಬಸ್ಸು, ಟಂಟಂ ಇವೆ. ಖಣ, ಸೀರೆ ಕೊಳ್ಳುವುದಾದರೆ ಮಗ್ಗದ ಮನೆಯಲ್ಲೇ ಕೊಳ್ಳಿ, ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡಬೇಡಿ. ನೀವು ಕೊಟ್ಟ ಆ ದುಡ್ಡಿನಿಂದಲೇ ಮುಂದಿನ ಸಲ ಬಂದಾಗ ಆ ಮಗ್ಗ ಅಲ್ಲಿರುತ್ತದೆ.